ನಲವತ್ತು ರೂಪಾಯಿ ಸಂಬಳದ ಹುಡುಗ

ಕಳೆದ ಸೆಮ್ ರಜೆಯಲ್ಲಿ ಒಂದು ರಾತ್ರಿ ಮನೆಯಲ್ಲಿ ಟಿವಿ ನೋಡ್ತಾ ಇದ್ವಿ. ಯಾವುದೋ ಹಳೇ ಹಿಂದಿ ಚಿತ್ರ, ಕಪ್ಪು ಬಿಳುಪು. ಬೋರು ಅಂತ ನಾನು ರಿಮೋಟ್‌ಗೆ ಕೈ ಹಾಕಿದೆ, ಅಕ್ಕ ಕಿತ್ತುಕೊಂಡಳು. ಚಿತ್ರದಲ್ಲಿ ಕೆಲಸ ಇಲ್ಲದ ಒಬ್ಬ ಕವಿ. ಅವನು ಬರೆದ ಕವಿತೆಗಳನ್ನೆಲ್ಲ ಅವನ ಅಣ್ಣಂದಿರು ರದ್ದಿ ಕಾಗದ ಅಂತ ಮಾರಿಬಿಟ್ಟಿರ್ತಾರೆ. ಮನೆಗೆ ಬಂದು ಎರಡು ತುತ್ತು ಉಣ್ಣೋಣ ಅಂದ್ರೆ ಅದಕ್ಕೂ ಮಾತು. ಅಕ್ಕ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು. ಮುಗಿದ ಮೇಲೆ ಏನೂ ಹೇಳದೆ ಎದ್ದು ಪಾತ್ರೆ ತೊಳೆಯೋಕೆ ಹೋದಳು.

ಆ ಚಿತ್ರ 1957ರ ‘ಪ್ಯಾಸಾ’. ನಿರ್ದೇಶಕ ಗುರುದತ್. ಕವಿಯ ಪಾತ್ರ ಮಾಡಿದವರೂ ಅವರೇ. 2005ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಪ್ರಪಂಚದ ನೂರು ಒಳ್ಳೆಯ ಸಿನಿಮಾ ಪಟ್ಟಿ ಮಾಡಿದಾಗ ಅದರಲ್ಲಿ ಈ ಚಿತ್ರವೂ ಇತ್ತು. ಹೆಸರು ನೋಡಿ ಇವರು ಬಂಗಾಳಿ ಇರ್ಬೇಕು ಅಂದುಕೊಂಡೆ. ನಾನೊಬ್ಬನೇ ಅಲ್ಲ, ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆಮೇಲೆ ಹುಡುಕಿ ಓದಿದರೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು, ನಮ್ಮ ಕರಾವಳಿಯ ಮನೆತನ. 2025ಕ್ಕೆ ಅವರು ಹುಟ್ಟಿ ನೂರು ವರ್ಷ ಆಯ್ತು.

ಗುರುದತ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಿನಿಮಾಗಳಿಂದ ಶುರು ಮಾಡಿ ಸಾವಿನಲ್ಲಿ ಮುಗಿಸ್ತಾರೆ. ನನಗೆ ಹಿಡಿಸಿದ್ದು ಅದಕ್ಕೂ ಮುಂಚಿನ ಭಾಗ. ನಮ್ಮ ವಯಸ್ಸಿನಲ್ಲಿ ಅವರು ಏನು ಮಾಡ್ತಾ ಇದ್ರು, ಎಂಥ ಮನೆಯಲ್ಲಿ ಇದ್ರು ಅನ್ನೋದು. ಹುಡುಗನಾಗಿದ್ದಾಗಿನ ಕಥೆಯಾದ್ದರಿಂದ ಸ್ವಲ್ಪ ದೂರ ಏಕವಚನದಲ್ಲೇ ಹೇಳ್ತೀನಿ, ಹಿರಿಯರು ಬೇಜಾರು ಮಾಡ್ಕೋಬಾರದು.

ಎಲ್ಲಿಂದ ಎಲ್ಲಿಗೆ

ಪಡುಕೋಣೆ ಅಂದ ಕೂಡಲೇ ನಮ್ಮ ಬ್ಯಾಚಿನವರಿಗೆ ನೆನಪಾಗುವುದು ದೀಪಿಕಾ. ಅದು ಕುಂದಾಪುರದ ಕಡೆಯ ಒಂದು ಹಳ್ಳಿಯ ಹೆಸರು. ಆಗ ದಕ್ಷಿಣ ಕನ್ನಡವೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಡೆಯ ಚಿತ್ರಾಪುರ ಸಾರಸ್ವತರ ಮನೆಗಳಲ್ಲಿ ಕೊಂಕಣಿ ಮಾತು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್. ಓದಿದ ಹುಡುಗರಿಗೆ ಊರಲ್ಲಿ ಕೆಲಸ ಇರಲಿಲ್ಲ. ಬ್ಯಾಂಕು, ರೈಲ್ವೆ, ವಿದೇಶಿ ಕಂಪನಿಗಳ ಗುಮಾಸ್ತಿಕೆ ಹುಡುಕಿಕೊಂಡು ಬೊಂಬಾಯಿ, ಮದ್ರಾಸು, ಕಲ್ಕತ್ತ ಅಂತ ಹೊರಟುಬಿಡುತ್ತಿದ್ದರು. ಹೋದ ಊರಲ್ಲಿ ಮೊದಲ ಕಷ್ಟ ಮನೆಯದ್ದು. ಬೊಂಬಾಯಿಗೆ ಹೋದ ಸಾರಸ್ವತರು ಬಾಡಿಗೆ ಮನೆಗಳ ಕಾಟ ತಾಳಲಾರದೆ 1915ರಲ್ಲೇ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿಕೊಂಡರು. ದೇಶದ ಅತಿ ಹಳೆಯ ವಸತಿ ಸಹಕಾರ ಸಂಘಗಳಲ್ಲಿ ಅದೂ ಒಂದು.

ಶಿವಶಂಕರ ರಾವ್ ಪಡುಕೋಣೆ ಅವರಲ್ಲಿ ಒಬ್ಬರು. ಮೊದಲು ಶಾಲೆಯ ಹೆಡ್‌ಮಾಸ್ಟರ್, ಆಮೇಲೆ ಬ್ಯಾಂಕಿನ ಕೆಲಸ, ಕೊನೆಗೆ ಕಲ್ಕತ್ತದಲ್ಲಿ ಬರ್ಮಾ ಶೆಲ್ ಎಣ್ಣೆ ಕಂಪನಿಯಲ್ಲಿ ಗುಮಾಸ್ತರು. ಹೆಂಡತಿ ವಾಸಂತಿ, ತುಂಬಾ ಚಿಕ್ಕ ವಯಸ್ಸಿಗೇ ಮದುವೆಯಾಗಿ ಬಂದವರು. ಹಿರಿಯ ಮಗ ಹುಟ್ಟಿದ್ದು 1925ರ ಜುಲೈ 9ರಂದು. ಇಟ್ಟ ಹೆಸರು ವಸಂತಕುಮಾರ. ಮಗುವಾಗಿದ್ದಾಗ ಏನೋ ಅಪಘಾತವಾಗಿ ಉಳಿದುಕೊಂಡ ಮೇಲೆ, ಹೆಸರು ಬದಲಾಯಿಸಿದರೆ ಒಳ್ಳೆಯದು ಅಂತ ಗುರುದತ್ತ ಎಂದು ಕರೆದರು. ಗುರು ದತ್ತಾತ್ರೇಯನ ಹೆಸರು. ಕಲ್ಕತ್ತದಲ್ಲಿ ‘ದತ್ತ’ ಅನ್ನೋದು ಬಂಗಾಳಿ ಮನೆತನದ ಹೆಸರೂ ಹೌದು. ಹಾಗಾಗಿ ಜನ ಅವನನ್ನು ಬಂಗಾಳಿ ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಇದನ್ನ ಓದುವಾಗ ನನಗೆ ನಮ್ಮ ತಾತ ನೆನಪಾದರು. ಧರ್ಮಪುರಿ ಕಡೆಯಿಂದ ಭದ್ರಾವತಿಗೆ ಕಾರ್ಖಾನೆ ಕೆಲಸ ಸಿಗುತ್ತೆ ಅಂತ ಬಂದವರು. ನಮ್ಮೂರಲ್ಲಿ ಇಂಥ ಮನೆಗಳು ಲೆಕ್ಕವಿಲ್ಲದಷ್ಟು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ ಮೇಲೆ, ಆಮೇಲೆ ಕಾಗದದ ಕಾರ್ಖಾನೆ ಬಂದ ಮೇಲೆ, ತಮಿಳರು, ತೆಲುಗರು, ಮಲಯಾಳಿಗಳು, ಉತ್ತರ ಕರ್ನಾಟಕದವರು ಎಲ್ಲ ಬಂದು ಸೇರಿದರು. ಪರ್ಮನೆಂಟ್ ಆದವರಿಗೆ ಕ್ವಾರ್ಟರ್ಸ್. ಆಗದವರಿಗೆ ಸಾಲು ಮನೆ, ಮೇಲೆ ಶೀಟು, ಎಂಟು ಮನೆಗೆ ಒಂದು ನಲ್ಲಿ. ತಾತ ಪರ್ಮನೆಂಟ್ ಆಗಲಿಲ್ಲ. ನಾನು ಹುಟ್ಟಿದ್ದು ಸಾಲು ಮನೆಯಲ್ಲಿ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಆದ್ದರಿಂದ ಕಲ್ಕತ್ತದ ಆ ಮನೆ ನನಗೆ ಹೊಸದು ಅನ್ನಿಸಲಿಲ್ಲ.

ಭವಾನಿಪುರದ ಮನೆ

ಪಡುಕೋಣೆ ಕುಟುಂಬ ಇದ್ದದ್ದು ಕಲ್ಕತ್ತದ ಭವಾನಿಪುರದಲ್ಲಿ. ಗುಮಾಸ್ತರ ಸಂಬಳ, ಬಾಡಿಗೆ ಮನೆ, ಬೆಳೆಯುತ್ತಿದ್ದ ಸಂಸಾರ. ಗುರುದತ್ ಆದ ಮೇಲೆ ಆತ್ಮಾರಾಮ್, ದೇವಿದಾಸ್, ವಿಜಯ್ ಅಂತ ಮೂವರು ತಮ್ಮಂದಿರು, ಲಲಿತಾ ಅಂತ ಒಬ್ಬಳೇ ತಂಗಿ. ಶಶಿಧರ ಅನ್ನೋ ಇನ್ನೊಬ್ಬ ತಮ್ಮ ಏಳು ತಿಂಗಳಿಗೇ ತೀರಿಕೊಂಡ. ಜೊತೆಗೆ ಅಜ್ಜಿ.

ತಂದೆ ತಾಯಿ ನಡುವೆ ಹೊಂದಾಣಿಕೆ ಇರಲಿಲ್ಲ. ತಂದೆ ಮಾತು ಕಡಿಮೆ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು, ಆ ಕವಿತೆಗಳು ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಆಫೀಸು, ಸಂಜೆ ಮನೆ, ರಾತ್ರಿ ಬರಹ. ತಾಯಿ ಅದಕ್ಕೆ ಉಲ್ಟಾ. ಶಾಲೆಯಲ್ಲಿ ಪಾಠ ಹೇಳಿದರು, ಮನೆಪಾಠ ಹೇಳಿದರು. ಬಂಗಾಳಿ ಕಲಿತು, ಬಂಗಾಳಿ ಕಾದಂಬರಿಗಳನ್ನ ಕನ್ನಡಕ್ಕೆ ತಂದರು. ಸಣ್ಣ ಕಥೆ ಬರೆದರು. ಒಂದು ಕ್ಷಣ ಯೋಚಿಸಿ: 1930ರ ದಶಕದ ಕಲ್ಕತ್ತದಲ್ಲಿ, ದುಡ್ಡಿಗೆ ತಾಪತ್ರಯ ಇರುವ ಮನೆಯಲ್ಲಿ, ಐದು ಮಕ್ಕಳ ತಾಯಿ ಕೂತು ಕನ್ನಡ ಬರೀತಿದ್ದಾರೆ. ಸುತ್ತ ಯಾರಿಗೂ ಆ ಲಿಪಿ ಬರಲ್ಲ. ಮಗ ಸತ್ತ ಮೇಲೆ ಅವನ ಬಗ್ಗೆ ‘ನನ್ನ ಮಗ ಗುರುದತ್ತ’ ಅಂತ ಪುಸ್ತಕ ಬರೆದದ್ದೂ ಕನ್ನಡದಲ್ಲೇ.

ಹಿರಿಯ ಮಗ ಆಗಿರೋದು ಎಂಥದ್ದು ಅಂತ ಹಿರಿಯರಾಗಿ ಹುಟ್ಟಿದವರಿಗೇ ಗೊತ್ತು. ಅಪ್ಪ ಅಮ್ಮನ ಜಗಳ ನಡೆದರೆ ಚಿಕ್ಕವರು ಮಲಗಿರ್ತಾರೆ, ದೊಡ್ಡವನು ಎದ್ದಿರ್ತಾನೆ. ಗುರುದತ್ ಜಾಸ್ತಿ ಮಾತಾಡುವ ಹುಡುಗ ಆಗಿರಲಿಲ್ಲ. ಓದಿನಲ್ಲಿ ಚೆನ್ನಾಗಿದ್ದ, ಆದರೆ ಮನಸ್ಸು ಬೇರೆ ಕಡೆ. ಬೀದಿಯಲ್ಲಿ ಜಾತ್ರಾ ಬಂದರೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಜಾತ್ರಾ ಅಂದ್ರೆ ನಮ್ಮ ಜಾತ್ರೆ ಅಲ್ಲ, ಬಂಗಾಳದ ಬಯಲಾಟ. ಹಾಡು, ಕುಣಿತ, ದೊಡ್ಡ ದನಿಯ ಮಾತು. ಟಿಕೆಟ್ ತೆಗೆದು ನಾಟಕ ನೋಡೋಕೆ ದುಡ್ಡಿಲ್ಲದ ಹುಡುಗರಿಗೆ ಅದೇ ಥಿಯೇಟರ್. ಬೀದಿಯಿಂದ ಬಂಗಾಳಿ ಎಷ್ಟು ಚೆನ್ನಾಗಿ ಬಂತು ಅಂದ್ರೆ ಕೊನೆವರೆಗೂ ಅದು ಅವನ ಸ್ವಂತ ಭಾಷೆ ಥರಾನೇ ಇತ್ತು.

ಮನೆಯೊಳಗಿನ ಥಿಯೇಟರ್ ಇನ್ನೊಂದು. ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚಿ ಆರತಿ ಮಾಡುತ್ತಿದ್ದರು. ಹದಿನಾಲ್ಕರ ಹುಡುಗ ಆ ದೀಪದ ಮುಂದೆ ಕೈ ಹಿಡಿದು ಬೆರಳುಗಳನ್ನ ಮಡಚಿ, ಬಿಚ್ಚಿ ಗೋಡೆ ಮೇಲೆ ನೆರಳಿನ ಆಕಾರಗಳನ್ನ ಮಾಡುತ್ತಿದ್ದ. ತಮ್ಮಂದಿರು, ತಂಗಿ ಪ್ರೇಕ್ಷಕರು. ದೀಪದ ಕುಡಿ ಅಲ್ಲಾಡಿದರೆ ನೆರಳೂ ಅಲ್ಲಾಡುತ್ತೆ. ಕೈ ದೀಪಕ್ಕೆ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತೆ, ದೂರ ಒಯ್ದರೆ ಚಿಕ್ಕದಾಗಿ ಅಂಚು ಚೂಪಾಗುತ್ತೆ. ನಾವು ಇದನ್ನ ಆಪ್ಟಿಕ್ಸ್ ಯೂನಿಟ್‌ನಲ್ಲಿ ಓದಿ ಮಾರ್ಕ್ಸ್ ತಗೊಂಡು ಮರೆತಿದ್ದೀವಿ. ಅವನಿಗೆ ಆ ಗೋಡೆ ಮರೆಯಲಿಲ್ಲ.

ಇನ್ನೊಬ್ಬರ ಹೆಸರು ಹೇಳಲೇಬೇಕು. ತಾಯಿಯ ಕಡೆಯ ನೆಂಟರು ಬಿ. ಬಿ. ಬೆನಗಲ್. ಕಲ್ಕತ್ತದಲ್ಲಿ ಸಿನಿಮಾ ಪೋಸ್ಟರ್ ಮತ್ತು ಜಾಹೀರಾತಿನ ಚಿತ್ರ ಬರೆಯುವ ಕಲಾವಿದರು. ಅವರು ಬರೆದ ಒಂದು ಚಿತ್ರದಲ್ಲಿ ಮನುಷ್ಯನ ಮೈಗೆ ಹಾವು ಸುತ್ತಿಕೊಂಡಿತ್ತು. ಅದನ್ನ ನೋಡಿ ಹುಡುಗ ತಾನೇ ಒಂದು ಹಾವಿನ ನೃತ್ಯ ಕಟ್ಟಿದ. ಯಾರೂ ಹೇಳಿಕೊಟ್ಟಿದ್ದಲ್ಲ. ಬೆನಗಲ್ ಮಾಮ ಅದರ ಫೋಟೋ ತೆಗೆದರು. ಕಲ್ಕತ್ತದ ಸಾರಸ್ವತರ ಕೂಟದಲ್ಲಿ ಆ ನೃತ್ಯ ಮಾಡಿದಾಗ 5 ರೂಪಾಯಿ ಬಹುಮಾನ ಬಂತು. ಕಲೆಯಿಂದ ಅವನು ಸಂಪಾದಿಸಿದ ಮೊದಲ ದುಡ್ಡು ಅದು ಅಂತ ಹೇಳಬಹುದು. ಪರಊರಿನಲ್ಲಿ ನಮ್ಮವರು ನಾಲ್ಕು ಜನ ಸೇರುವ ಕೂಟಗಳನ್ನ ನಾವು ಸುಮ್ಮನೆ ತಮಾಷೆ ಮಾಡ್ತೀವಿ. ಅಲ್ಲಿ ಇಂಥದ್ದೂ ಆಗುತ್ತೆ.

ಸ್ವಿಚ್‌ಬೋರ್ಡಿನ ಮುಂದೆ

1941ರಲ್ಲಿ ಗುರುದತ್ ಮೆಟ್ರಿಕ್ ಪಾಸಾದ. ವಯಸ್ಸು ಹದಿನಾರು. ಮಾರ್ಕ್ಸ್ ಇತ್ತು, ಕಾಲೇಜು ಇತ್ತು, ಫೀಸ್ ಇರಲಿಲ್ಲ. ಕಾಲೇಜಿಗೆ ಸೇರದೆ ಕಲ್ಕತ್ತದ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿಕೊಂಡ. ತಿಂಗಳಿಗೆ 40 ರೂಪಾಯಿ.

ನಾನು ಇಸಿ ಬ್ರಾಂಚ್ ಆಗಿರೋದರಿಂದ ಈ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ. ಆ ಕಾಲದ ಸ್ವಿಚ್‌ಬೋರ್ಡ್ ಅಂದ್ರೆ ನಿಮ್ಮ ಮುಂದೆ ಒಂದು ನಿಂತ ಹಲಗೆ, ಅದರ ತುಂಬಾ ತೂತುಗಳು. ಒಂದೊಂದು ತೂತು ಒಂದೊಂದು ಲೈನು. ಯಾರಾದರೂ ಫೋನ್ ಎತ್ತಿದರೆ ಅವರ ಲೈನಿನ ಗುರುತು ಬೀಳುತ್ತೆ. ಆಪರೇಟರ್ ಒಂದು ವೈರಿನ ತುದಿಯ ಪ್ಲಗ್ಗನ್ನ ಆ ತೂತಿಗೆ ಚುಚ್ಚಿ ಯಾರು ಬೇಕು ಅಂತ ಕೇಳಬೇಕು. ಜೋಡಿ ವೈರಿನ ಇನ್ನೊಂದು ತುದಿಯನ್ನ ಅವರಿಗೆ ಬೇಕಾದವರ ತೂತಿಗೆ ಚುಚ್ಚಿ ಗಂಟೆ ಹೊಡೆಯಬೇಕು. ಮಾತು ಮುಗಿದ ಮೇಲೆ ಎರಡನ್ನೂ ಎಳೆಯಬೇಕು. ಇವತ್ತು ಒಂದು ಚಿಪ್ ಮಾಡೋ ಸ್ವಿಚಿಂಗನ್ನ ಅವತ್ತು ಮನುಷ್ಯನ ಕೈ ಮಾಡುತ್ತಿತ್ತು. ದಿನವಿಡೀ ಬೇರೆಯವರ ಮಾತನ್ನ ಬೇರೆಯವರಿಗೆ ಸೇರಿಸುವುದು. ನಿನ್ನ ಮಾತು ಯಾರಿಗೂ ಬೇಕಿಲ್ಲ.

ಮೊದಲ ಸಂಬಳ ಬಂದಾಗ ಅವನು ತನಗೆ ಏನೂ ತಗೊಳ್ಳಲಿಲ್ಲ. ತಾಯಿಗೆ ಸೀರೆ, ತಂದೆಗೆ ಕೋಟು, ತಂಗಿಗೆ ಫ್ರಾಕು. ಇದನ್ನ ಓದಿದಾಗ ನನಗೆ ನಮ್ಮ ಅಕ್ಕನ ಮೊದಲ ಸಂಬಳ ನೆನಪಾಯ್ತು. ಅವಳು ಸೆಕೆಂಡ್ ಪಿಯುಸಿ ಆದ ಮೇಲೆ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಸೇರಿದಳು. ಅಪ್ಪನ ಕೆಲಸ ಆಗ ಹೋಗಿತ್ತು. ಮೊದಲ ತಿಂಗಳು ನನಗೆ ಶೂ ತಂದಿದ್ದಳು. ಅವಳು ಮುಂದೆ ಓದಬೇಕು ಅಂತಿದ್ದಳಾ ಅಂತ ನಾನು ಅವತ್ತು ಕೇಳಲಿಲ್ಲ. ಶೂ ಸೈಜು ಸರಿಯಾಗಿದೆಯಾ ಅಂತ ನೋಡಿದೆ.

ಕೆಲಸ ಮಾಡುವ ಮಗ ಮನೆಗೆ ದೊಡ್ಡ ಆಸರೆ. 40 ರೂಪಾಯಿ ಅಂಥ ಮನೆಗೆ ಸಣ್ಣ ಮೊತ್ತ ಅಲ್ಲ. ಸುಮ್ಮನೆ ಆ ಕುರ್ಚಿಯಲ್ಲೇ ಕೂತಿದ್ದರೆ ಗುರುದತ್ ಕೂಡ ತಂದೆಯ ಹಾಗೆ ಒಂದು ಕಂಪನಿಯಲ್ಲಿ ಮೆಲ್ಲಗೆ ಮೇಲೆ ಹೋಗಿ ರಿಟೈರ್ ಆಗಬಹುದಿತ್ತು. ಆದರೆ ಅವನು ಅಲ್ಲಿ ಹೆಚ್ಚು ದಿನ ಇರಲಿಲ್ಲ.

ಅಲ್ಮೋರಾ, ಪುಣೆ, ಮಾಟುಂಗಾ

ಆಗ ಉದಯಶಂಕರ್ ಅಂದ್ರೆ ಪ್ರಪಂಚಕ್ಕೇ ಗೊತ್ತಿದ್ದ ನೃತ್ಯಗಾರ, ಸಿತಾರ್‌ನ ರವಿಶಂಕರ್ ಅವರ ಅಣ್ಣ. ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಅವರು ಒಂದು ಕಲಾಕೇಂದ್ರ ನಡೆಸುತ್ತಿದ್ದರು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಮಣಿಪುರಿಗೆ ಅಮುಬಿ ಸಿಂಗ್, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್. ಒಂದೇ ಕ್ಯಾಂಪಸ್ಸಿನಲ್ಲಿ ಇಷ್ಟು ಜನ ಪ್ರೊಫೆಸರುಗಳು! ಸ್ಕಾಲರ್‌ಶಿಪ್ ಸಿಕ್ಕಿತು, ಗುರುದತ್ ನೌಕರಿ ಬಿಟ್ಟು ಹೊರಟ.

ಸ್ಕಾಲರ್‌ಶಿಪ್ ಅವನ ಖರ್ಚಿಗೆ ಆಯ್ತು, ಮನೆಗೆ ಬರುತ್ತಿದ್ದ ಅವನ ಸಂಬಳ ನಿಂತುಹೋಯಿತು. ಕನಸಿನ ಹಿಂದೆ ಹೋದವರ ಕಥೆಯಲ್ಲಿ ಈ ಲೆಕ್ಕ ಯಾರೂ ಬರೆಯಲ್ಲ. ಅವನು ಅಲ್ಮೋರಾದಲ್ಲಿ ನೃತ್ಯ ಕಲಿಯುತ್ತಿದ್ದಾಗ ಮನೆಯ ಚಕ್ರ ತಂದೆಯ ಗುಮಾಸ್ತಿಕೆ, ತಾಯಿಯ ಪಾಠದ ಮೇಲೇ ಉರುಳಬೇಕಿತ್ತು.

ಆ ಕೇಂದ್ರದಲ್ಲಿ ರಾಮಾಯಣವನ್ನ ದೊಡ್ಡ ಬಿಳಿ ಪರದೆಯ ಹಿಂದೆ ನೆರಳಾಟವಾಗಿ ಆಡಿಸಿದ್ದು ಬಹಳ ಹೆಸರಾಗಿದೆ. ಅಜ್ಜಿಯ ದೀಪದ ಮುಂದೆ ಬೆರಳಾಡಿಸಿದ ಹುಡುಗ ಸರಿಯಾದ ಜಾಗಕ್ಕೇ ಹೋಗಿ ಸೇರಿದ್ದ. ಆದರೆ ಎರಡನೇ ಮಹಾಯುದ್ಧದ ಕಾಲ, ದುಡ್ಡು ಬರುವ ದಾರಿ ಮುಚ್ಚಿ 1944ರಲ್ಲಿ ಕೇಂದ್ರವೇ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಮನೆಯವರು ಕಲ್ಕತ್ತ ಬಿಟ್ಟು ಬೊಂಬಾಯಿಗೆ ಬಂದಿದ್ದರು. ಹತ್ತೊಂಬತ್ತರ ಹುಡುಗ, ಕೋರ್ಸ್ ಅರ್ಧ, ಡಿಗ್ರಿ ಇಲ್ಲ. ಹೋಗಬೇಕಾದ ಮನೆ ಮತ್ತೊಂದು ಹೊಸ ಊರಲ್ಲಿ.

ನೆಂಟರೊಬ್ಬರ ಮೂಲಕ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಕೆಲಸ ಸಿಕ್ಕಿತು. ಚಿಕ್ಕ ಪಾತ್ರ, ನೃತ್ಯ ಸಂಯೋಜನೆ, ಸಹಾಯಕ ನಿರ್ದೇಶಕ, ಏನು ಹೇಳಿದರೆ ಅದು. ಅಲ್ಲೇ ಪರಿಚಯವಾದ ಇನ್ನೊಬ್ಬ ಹೊಸ ಹುಡುಗ ದೇವ್ ಆನಂದ್. ಇಬ್ಬರ ಬಟ್ಟೆಯನ್ನೂ ಒಬ್ಬರೇ ದೋಬಿ ಒಗೆಯುತ್ತಿದ್ದರು. ಒಂದು ದಿನ ಶರ್ಟು ಅದಲು ಬದಲಾಗಿ ಸ್ನೇಹ ಬೆಳೆಯಿತು. ನಾನು ಸಿನಿಮಾ ತೆಗೆದರೆ ನೀನು ನಿರ್ದೇಶಕ, ನೀನು ತೆಗೆದರೆ ನಾನು ಹೀರೋ ಅಂತ ಒಪ್ಪಂದ ಆಯ್ತು. ಹಾಸ್ಟೆಲ್ ರೂಮುಗಳಲ್ಲಿ ನಾವೂ ಸ್ಟಾರ್ಟಪ್ ಬಗ್ಗೆ ಇಂಥ ಎಷ್ಟೋ ಒಪ್ಪಂದ ಮಾಡ್ಕೊಂಡಿದ್ದೀವಿ. ಇವರದ್ದು ನಿಜವಾಯ್ತು, ಅಷ್ಟೇ ವ್ಯತ್ಯಾಸ.

ಆದರೆ ತಕ್ಷಣ ಆಗಲಿಲ್ಲ. 1947ರಲ್ಲಿ ಪ್ರಭಾತ್ ಕರಾರು ಮುಗಿಯಿತು. ಹತ್ತು ತಿಂಗಳು ಕೆಲಸವೇ ಇಲ್ಲ. ಬೊಂಬಾಯಿಯ ಮಾಟುಂಗಾದಲ್ಲಿ ಮನೆಯವರ ಜೊತೆ ಕಾಲ ಕಳೆದ. ಚಿಕ್ಕ ಮನೆ, ತುಂಬಾ ಜನ, ಹಿರಿಯ ಮಗ ಇಪ್ಪತ್ತೆರಡು ವರ್ಷದವನು, ಸಂಪಾದನೆ ಸೊನ್ನೆ. ಆ ತಿಂಗಳುಗಳಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಕಥೆ ಬರೆದು ಇಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಗೆ ಕಳಿಸುತ್ತಿದ್ದ. ಮುಂದೆ ‘ಪ್ಯಾಸಾ’ ಆದ ಕಥೆಯನ್ನ ‘ಕಶ್‌ಮಕಶ್’ ಅನ್ನೋ ಹೆಸರಲ್ಲಿ ಬರೆದದ್ದೂ ಆಗಲೇ. ನಮ್ಮ ಅಕ್ಕ ಕಣ್ಣು ಮಿಟುಕಿಸದೆ ನೋಡಿದ ಆ ಊಟದ ದೃಶ್ಯ ಎಲ್ಲಿಂದ ಬಂದಿರಬಹುದು ಅಂತ ಊಹಿಸೋದು ಕಷ್ಟ ಅಲ್ಲ.

ಭದ್ರಾವತಿಯ ದುಡ್ಡು, ಮೈಸೂರಿನ ಕ್ಯಾಮೆರಾ

ಇಲ್ಲಿಂದ ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳ್ತೀನಿ. ಈಗ ಬಹುವಚನ. ದೇವ್ ಆನಂದ್ ಮಾತು ಉಳಿಸಿಕೊಂಡರು, 1951ರಲ್ಲಿ ಅವರ ನವಕೇತನ್ ಸಂಸ್ಥೆಗೆ ಗುರುದತ್ ‘ಬಾಜಿ’ ನಿರ್ದೇಶಿಸಿದರು. ಅದರಲ್ಲಿ ಹಾಡಿದ ಗೀತಾ ರಾಯ್ ಅವರನ್ನ 1953ರಲ್ಲಿ ಮದುವೆಯಾದರು. ಗೀತಾ ಕೂಡ ವಲಸೆ ಬಂದ ಕುಟುಂಬದವರೇ, ಪೂರ್ವ ಬಂಗಾಳದ ಫರೀದ್‌ಪುರದಿಂದ. ಆಮೇಲೆ ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, 1959ರಲ್ಲಿ ‘ಕಾಗಜ್ ಕೇ ಫೂಲ್’.

‘ಬಾಜಿ’ ಸೆಟ್ಟಿನಲ್ಲಿ ಒಬ್ಬ ಸಹಾಯಕ ಕ್ಯಾಮೆರಾಮನ್ ಇದ್ದರು, ಮೈಸೂರಿನ ವಿ. ಕೆ. ಮೂರ್ತಿ. ಕಷ್ಟದ ಒಂದು ಶಾಟ್‌ಗೆ ಕನ್ನಡಿ ಇಟ್ಟು ತೆಗೆಯುವ ಉಪಾಯ ಹೇಳಿದ ಅವರನ್ನ ಗುರುದತ್ ಬಿಡಲೇ ಇಲ್ಲ. ಮುಂದಿನ ಚಿತ್ರದಿಂದ ಅವರೇ ಕ್ಯಾಮೆರಾಮನ್. ಈ ಮೂರ್ತಿಯವರು ಸಿನಿಮಾಟೋಗ್ರಫಿ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 1946ರಲ್ಲಿ ಡಿಪ್ಲೊಮಾ.

ಈಗ ನಮ್ಮೂರಿಗೆ ಬರ್ತೀನಿ. ಭದ್ರಾವತಿ ಕಾರ್ಖಾನೆ ನಷ್ಟದಲ್ಲಿದ್ದಾಗ ಅದನ್ನ ನೋಡಿಕೊಂಡವರು ಸರ್ ಎಂ. ವಿಶ್ವೇಶ್ವರಯ್ಯ. ಆ ಕೆಲಸಕ್ಕೆ ತಮಗೆ ಬರಬೇಕಾದ ಸಂಭಾವನೆಯನ್ನ ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಕಟ್ಟಿ ಅಂದರು. ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿಡಿ ಅಂದರು. 1943ರಲ್ಲಿ ಹಾಗೆ ಶುರುವಾದದ್ದೇ ಮೂರ್ತಿಯವರು ಓದಿದ ಆ ಪಾಲಿಟೆಕ್ನಿಕ್. ಅಂದ್ರೆ ನಮ್ಮ ಭದ್ರಾವತಿಯ ಕುಲುಮೆ ಮುಂದೆ ನಿಂತವರ ಬೆವರಿನ ದುಡ್ಡು ಸುತ್ತಿ ಬಳಸಿ ‘ಕಾಗಜ್ ಕೇ ಫೂಲ್’ನ ಬೆಳಕಾಯ್ತು. ಈ ಸಂಬಂಧ ಗೊತ್ತಾದ ದಿನ ನಾನು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿದೆ. ಅವರು ನಿದ್ದೆ ಮಾಡ್ತಿದ್ದರು ಪಾಪ.

ಆ ಬೆಳಕಿನ ಬಗ್ಗೆ ಎರಡು ಮಾತು. ‘ಕಾಗಜ್ ಕೇ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲದ ದೃಶ್ಯವನ್ನ ವಿಶೇಷ ಲೆನ್ಸಿನಿಂದ ಅಡ್ಡಕ್ಕೆ ಒತ್ತಿ ಮಾಮೂಲಿ ಫಿಲ್ಮಿನ ಮೇಲೆ ಹಿಡಿದು, ತೋರಿಸುವಾಗ ಮತ್ತೆ ಹಿಗ್ಗಿಸುವ ವಿಧಾನ. ಅದರಲ್ಲಿ ಒಂದು ಹಾಡು. ಖಾಲಿ ಸ್ಟುಡಿಯೋ, ಮೇಲಿಂದ ಓರೆಯಾಗಿ ಇಳಿಯುವ ಒಂದೇ ಒಂದು ದಪ್ಪ ಬೆಳಕಿನ ಕೋಲು, ಆಚೆ ಈಚೆ ಇಬ್ಬರು. ಲೈಟುಗಳಿಂದ ಅಂಥ ನೇರ ಬೆಳಕು ಬರಲ್ಲ, ಹರಡಿಕೊಳ್ಳುತ್ತೆ. ಮೂರ್ತಿ ದೊಡ್ಡ ಕನ್ನಡಿಗಳನ್ನ ತರಿಸಿದರು. ಒಂದನ್ನ ಹೊರಗೆ ಬಿಸಿಲಿಗೆ ಇಟ್ಟು ಬೆಳಕನ್ನ ಒಳಗೆ ಕಳಿಸಿ, ಇನ್ನೊಂದರಿಂದ ಕೆಳಗೆ ಇಳಿಸಿದರು. ಸೂರ್ಯನ ಕಿರಣಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಹೆಚ್ಚುಕಡಿಮೆ ಸಮಾನಾಂತರ, ಹಾಗಾಗಿ ಕೋಲು ಕೋಲಾಗಿಯೇ ಉಳಿಯಿತು. ಗಾಳಿಯಲ್ಲಿ ಹೊಗೆ, ಧೂಳು ಇದ್ದದ್ದಕ್ಕೆ ಕಣ್ಣಿಗೆ ಕಂಡಿತು. ಫಸ್ಟ್ ಇಯರ್ ಕೆಮಿಸ್ಟ್ರಿಯ ಟಿಂಡಾಲ್ ಎಫೆಕ್ಟ್, ಬೇರೇನೂ ಅಲ್ಲ. ಮೂರ್ತಿಯವರಿಗೆ ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು.

ಚಿತ್ರ ಮಾತ್ರ ಸೋತಿತು. ಅದಾದ ಮೇಲೆ ಗುರುದತ್ ತಮ್ಮ ಹೆಸರಿನಲ್ಲಿ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ. ನಿರ್ಮಾಪಕರಾಗಿ, ನಟರಾಗಿ ಗೆದ್ದರು. 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಮತ್ತೆ ಕಲ್ಕತ್ತದ ಕಥೆ. ‘ಪ್ಯಾಸಾ’ದ ಊರೂ ಕಲ್ಕತ್ತವೇ. ತಲೆಗೆ ಎಣ್ಣೆ ತಿಕ್ಕುವವನನ್ನೂ ಬೀದಿಯ ಹಾಡುಗಾರರನ್ನೂ ಅವರು ಚಿತ್ರಕ್ಕೆ ತಂದರು. ಬಾಡಿಗೆ ಮನೆಯ ಹುಡುಗನಿಗೆ ಬೀದಿಯೇ ಹಾಲ್ ಆಗಿತ್ತಲ್ಲ.

ಆ ಮನೆಯ ಇನ್ನೊಬ್ಬಳು

ಹೆಸರು, ದುಡ್ಡು ಎರಡೂ ಬಂದವು. ನೆಮ್ಮದಿ ಬರಲಿಲ್ಲ. ಸಂಸಾರ ಒಡೆಯಿತು, ನಿದ್ದೆ ಹೋಯಿತು, ಮದ್ಯ ಮತ್ತು ನಿದ್ದೆ ಮಾತ್ರೆ ಜೊತೆಯಾದವು. ಮುಂಚೆ ಎರಡು ಸಲ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದರು. 1964ರ ಅಕ್ಟೋಬರ್ 10ರ ಬೆಳಿಗ್ಗೆ ಬೊಂಬಾಯಿಯ ಬಾಡಿಗೆ ಫ್ಲಾಟಿನಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. 39 ವರ್ಷ. ಬೇಕೆಂದೇ ಆದದ್ದೋ, ಲೆಕ್ಕ ತಪ್ಪಿ ಆದದ್ದೋ ಅನ್ನೋ ಚರ್ಚೆ ಇವತ್ತಿಗೂ ಇದೆ. ಕಲಾವಿದ ಅಂದ್ರೆ ಹೀಗೇ ಸಾಯಬೇಕು ಅನ್ನೋ ಥರ ಇದನ್ನ ಹೊಗಳೋದು ನನಗೆ ಇಷ್ಟ ಆಗಲ್ಲ. ಅವರಿಗೆ ಬೇಕಾಗಿದ್ದದ್ದು ಚಿಕಿತ್ಸೆ, ಕೇಳಿಸಿಕೊಳ್ಳುವ ಒಬ್ಬರು. ನಮ್ಮ ನಡುವೆಯೂ ರಾತ್ರಿ ನಿದ್ದೆ ಬರದೆ ಒದ್ದಾಡುವವರು ಇದ್ದಾರೆ. ಗೆಳೆಯರಿಗೆ ಹೇಳಿ. ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಇಷ್ಟು ಓದಿ ಮುಗಿಸುವ ಹೊತ್ತಿಗೆ ನನಗೆ ಗುರುದತ್ ಅವರಿಗಿಂತ ತಂಗಿ ಲಲಿತಾ ಹೆಚ್ಚು ಕಾಡತೊಡಗಿದರು. ಅವರಿಗೂ ನೃತ್ಯ ಕಲಿಯಬೇಕು ಅಂತ ಆಸೆ ಇತ್ತು. ಶಾಸ್ತ್ರೀಯ ನೃತ್ಯದ ಪಾಠಕ್ಕೆ ಕೊಡೋಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಅಣ್ಣನಿಗೆ ಅಲ್ಮೋರಾದ ಸ್ಕಾಲರ್‌ಶಿಪ್ ಸಿಕ್ಕಿತು, ತಂಗಿಗೆ ಸಿಕ್ಕಿದ್ದು ಒಂದು ಬಣ್ಣದ ಪೆಟ್ಟಿಗೆ. ಕೊಟ್ಟವರು ಅದೇ ಬೆನಗಲ್ ಮಾಮ. ಬೇಗ ಮದುವೆ, ಮಕ್ಕಳು, ಶಾಲೆಯಲ್ಲಿ ಚಿತ್ರಕಲೆಯ ಟೀಚರ್ ಕೆಲಸ, ಇವುಗಳ ನಡುವೆಯೇ ಬರೆದರು. 1961ರಲ್ಲಿ ಮುಂಬಯಿಯ ಜಹಾಂಗೀರ್ ಗ್ಯಾಲರಿಯಲ್ಲಿ ಅವರದ್ದೇ ಮೊದಲ ಪ್ರದರ್ಶನ ಆಯ್ತು. ಲಲಿತಾ ಲಾಜ್ಮಿ ಅಂತ ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬರಾದರು. 2023ರವರೆಗೂ ಬದುಕಿದ್ದರು, ತೊಂಬತ್ತು ವರ್ಷ.

ಒಂದು ತಪ್ಪೊಪ್ಪಿಗೆ ಇದೆ. ನನ್ನ ಲ್ಯಾಬ್ ರೆಕಾರ್ಡಿನ ಸರ್ಕ್ಯೂಟ್ ಚಿತ್ರಗಳನ್ನ ನೋಡಿ ಮೇಡಂ ಎರಡು ಸಲ ಚೆನ್ನಾಗಿದೆ ಅಂದಿದ್ದಾರೆ. ಅವು ನನ್ನವಲ್ಲ. ರಾತ್ರಿ ಒಂಬತ್ತೂವರೆಗೆ ಅಂಗಡಿಯಿಂದ ಬಂದು ಊಟ ಮಾಡಿ ಅಕ್ಕ ಬರೆದದ್ದು. ಟ್ರಾನ್ಸಿಸ್ಟರ್ ಅಂದ್ರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಸ್ಕೇಲಿಲ್ಲದೆ ನೇರ ಗೆರೆ ಎಳೀತಾಳೆ.

ಈ ಲೇಖನ ಬರೆಯುವ ಮುಂಚೆ ಅವಳಿಗೆ ಈ ಮನೆಯ ಕಥೆ ಪೂರ್ತಿ ಹೇಳಿದೆ. ಗೋಡೆಯ ನೆರಳು, 40 ರೂಪಾಯಿ, ಕನ್ನಡಿ, ಎಲ್ಲ. ಸುಮ್ಮನೆ ಕೇಳಿಸಿಕೊಂಡಳು. ಬಣ್ಣದ ಪೆಟ್ಟಿಗೆಯ ವಿಷಯ ಬಂದಾಗ ಮಾತ್ರ, ಮೊದಲ ಪ್ರದರ್ಶನ ಆದಾಗ ಅವರಿಗೆ ಎಷ್ಟು ವಯಸ್ಸು ಅಂತ ಕೇಳಿದಳು. ಹುಟ್ಟಿದ್ದು 1932, ಹತ್ತಿರ ಹತ್ತಿರ 29 ಅಂದೆ.

ಅಕ್ಕನಿಗೆ ಈಗ 24. ಇನ್ನೂ ಐದು ವರ್ಷ ಇದೆ ಅಂತ ಲೆಕ್ಕ ಹಾಕಿದ್ದು ನಾನಲ್ಲ, ಅವಳೇ.